ಅತ್ತೆಯ ಸುತ್ತ ಸೈಕಲ್

ಕುಷ್ಟಗಿಯ ಸರಕಾರಿ ಕಚೇರಿಯೊಂದರಲ್ಲಿ ಆವಕ-ಜಾವಕ ಗುಮಾಸ್ತನಾಗಿದ್ದ ಗ್ಯಾನಪ್ಪನಿಗೆ ನಲವತ್ಮೂರನೆಯ ವಯಸ್ಸಿನಲ್ಲಿ ಬಾಯಿಯಿಂದ ಒಂದು ಮಾತು ಜಾರಿತು. ಕಚೇರಿಗೆ ಬಂದ ಕಾಗದ, ಹೋದ ಕಾಗದ ಎರಡನ್ನೂ ಹದಿನೆಂಟು ವರ್ಷ ತಪ್ಪದೆ ನಮೂದಿಸಿದ ಈ ಮನುಷ್ಯ, ತನ್ನ ಬಾಯಿಯಿಂದಲೇ ಜಾವಕವಾದ ಆ ಮಾತನ್ನು ಮಾತ್ರ ಹಿಂದಕ್ಕೆ ಪಡೆಯಲಾರದೆ ಹೋದ.

ಕೊಪ್ಪಳ ಹೊಸ ಜಿಲ್ಲೆಯಾದ ಮರುವರ್ಷದ ಮಾತಿದು. ಅಲ್ಲಿಯತನಕ ಎಲ್ಲದಕ್ಕೂ ರಾಯಚೂರಿನ ಬಸ್ಸು ಹಿಡಿಯುತ್ತಿದ್ದ ನೌಕರರಿಗೆ ಈಗ ತಮ್ಮದೇ ಜಿಲ್ಲೆ, ತಮ್ಮದೇ ಜಿಲ್ಲಾ ಕಚೇರಿ, ತಮ್ಮದೇ ಸುತ್ತೋಲೆ. ಆ ಉಮೇದಿನಲ್ಲಿ ನೌಕರರ ಕ್ರೀಡಾಕೂಟವೂ ಒಂದು ಆಗಲಿ ಎಂದು ಆದೇಶ ಬಂತು. ಪ್ರತಿ ತಾಲ್ಲೂಕಿನಿಂದ ಪ್ರತಿ ಆಟಕ್ಕೂ ಒಬ್ಬರಾದರೂ ಇರಲೇಬೇಕು. ಕೇರಂ ಆಟಕ್ಕೆ ಹನ್ನೊಂದು ಹೆಸರು ಬಂದು ಜಗಳವೇ ಆಯಿತು. ಹಗ್ಗ ಜಗ್ಗಾಟಕ್ಕೆ ರೆಕಾರ್ಡ್ ರೂಮಿನವರು ನಿಂತರು. ಉಳಿದದ್ದು ಒಂದೇ: ನಲವತ್ತು ದಾಟಿದವರಿಗೆ ಇಪ್ಪತ್ತು ಕಿಲೋಮೀಟರ್ ಸೈಕಲ್ ಸ್ಪರ್ಧೆ.

"ಕುಷ್ಟಗಿಯೊಳಗ ಸೈಕಲ್ ಹೊಡಿಯೂ ಗಂಡಸರ ಇಲ್ಲೇನ್ರಿ?" ಎಂದು ಸಾಹೇಬರು ಕನ್ನಡಕ ತೆಗೆದು ಎಲ್ಲರ ಮುಖ ನೋಡಿದರು.

ಎಲ್ಲರೂ ನೆಲ ನೋಡಿದರು. ಗ್ಯಾನಪ್ಪನೂ ನೋಡಬಹುದಿತ್ತು. ಆದರೆ ಅವನ ಕೈಯಲ್ಲಿ ಬಿಸಿ ಚಹಾ ಇತ್ತು. ಚಹಾ ಕುಡಿದ ಗ್ಯಾನಪ್ಪ ಬೇರೆಯೇ ಮನುಷ್ಯ.

"ನಮ್ಮ ಕಾಲದಾಗ ಅಂದ್ರ ಸಾಹೇಬ್ರ, ತಾವರಗೇರಾಕ್ಕ ಸೈಕಲ್ ಮ್ಯಾಲೆ ಹೋಗಿ, ಸಂತಿ ಮಾಡಿ, ಬಂದು ಮನ್ಯಾಗ ಊಟಕ್ಕ ಕುಂದರತಿದ್ದೆ. ಬೆವರ ಸೈತ ಬರತಿದ್ದಿಲ್ರಿ."

ಸತ್ಯಕ್ಕೆ ಮರ್ಯಾದೆ ಕೊಟ್ಟು ಹೇಳುವುದಾದರೆ, ಅವನು ತಾವರಗೇರಾಕ್ಕೆ ಹೋದದ್ದು ಒಂದೇ ಸಲ. ಕ್ಯಾರಿಯರ್ ಮೇಲೆ ಕೂತು. ಬರುವಾಗ ಲಾರಿ. ಬೆವರು ಬರಲಿಲ್ಲವೆಂಬುದಂತೂ ನಿಜ. ಆದರೆ ಸಾಹೇಬರು ಅಷ್ಟರಲ್ಲಿ ಪೆನ್ನಿನ ಮುಚ್ಚಳ ತೆಗೆದಾಗಿತ್ತು.

ಎರಡು ವಾರ ಗ್ಯಾನಪ್ಪ ದಿನಾ ನಸುಕಿನಲ್ಲಿ ಎದ್ದು ಇಳಕಲ್ ರಸ್ತೆಯ ಮೇಲೆ ಸೈಕಲ್ ಹೊಡೆದ. ಮೊದಲ ದಿನ ಎರಡನೇ ಮೈಲಿಗಲ್ಲಿನ ಹತ್ತಿರ ಕೂತುಬಿಟ್ಟ. ಆರನೇ ದಿನಕ್ಕೆ ಉಸಿರು ಹತೋಟಿಗೆ ಬಂತು. ಹದಿನಾಲ್ಕನೇ ದಿನಕ್ಕೆ ಬೆಲ್ಟಿನಲ್ಲಿ ಒಂದು ತೂತು ಒಳಗೆ ಸರಿಯಿತು. ತಂಪು ಗಾಳಿ, ಎರಡೂ ಕಡೆ ಜೋಳದ ಹೊಲ, ಕಾಲಿನ ಕೆಳಗೆ ಚಕ್ರದ ಸರಸರ. ಅವನಿಗೆ ನಿಜವಾಗಿಯೂ ರುಚಿ ಹತ್ತಿತು. ಸುಳ್ಳಿನಿಂದ ಸುರುವಾದದ್ದು ಖರೇ ಆಗುವ ಲಕ್ಷಣ ಕಾಣಿಸಿತು.

ಅಷ್ಟರಲ್ಲಿ ಯಲಬುರ್ಗಾ ಕಡೆಯ ಹಳ್ಳಿಯಲ್ಲಿದ್ದ ಅವನ ಅತ್ತೆ ಪಕ್ಕೀರವ್ವನಿಗೆ ಲಕ್ವ ಹೊಡೆಯಿತು.

ರೊಟ್ಟಿ ಬಡಿಯುತ್ತ ಕೂತಿದ್ದವಳ ಬಲಗೈ ತಟ್ಟನೆ ನಿಂತಿತು, ಬಲಗಾಲು ಮಾತು ಕೇಳದಾಯಿತು. ಹನ್ನೆರಡು ದಿನ ದವಾಖಾನೆ. ಕೈ ಅರ್ಧಮರ್ಧ ಹಿಂದಕ್ಕೆ ಬಂತು, ಕಾಲು ಬರಲಿಲ್ಲ. ನಾಲಿಗೆಗೆ ಮಾತ್ರ ಏನೂ ಆಗಿರಲಿಲ್ಲ. ಅದರ ತಂಟೆಗೆ ಹೋಗಲು ರೋಗವೇ ಹೆದರಿತೆಂದು ಗ್ಯಾನಪ್ಪ ಒಳಗೊಳಗೇ ನಂಬಿದ್ದ. ಒಬ್ಬಳೇ ಮಗಳು, ಗ್ಯಾನಪ್ಪನ ಹೆಂಡತಿ ಹೇಮಾವತಿ, ತಾಯಿಯನ್ನು ಕುಷ್ಟಗಿಗೆ ಕರೆತಂದು, ಪಡಸಾಲೆಯ ಕಿಟಕಿಯ ಪಕ್ಕ ಮಂಚ ಹಾಕಿ ಮಲಗಿಸಿದಳು.

"ಕಾಲಿನಾಗ ಜೀವ ಐತಿ," ಎಂದಿದ್ದರು ಡಾಕ್ಟರು. "ದಿನಾ ಎಣ್ಣಿ ಹಚ್ಚಿ ತಿಕ್ಕ್ರಿ. ಕಾಲು ಅವರ ಸ್ವಂತ ಎತ್ತಬೇಕು, ಅವರ ಇಳಸಬೇಕು. ಸುಮ್ಮನ ಮಲಗಿದ್ರ ಆ ಕಾಲು ಮತ್ತ ಏಳೂದಿಲ್ಲ. ಒಬ್ಬಾಕಿನ್ನ ಮನ್ಯಾಗ ಬಿಡಬ್ಯಾಡ್ರಿ."

ಪಕ್ಕೀರವ್ವ ಒಪ್ಪಲಿಲ್ಲ. "ಅರವತ್ತೆಂಟು ವರ್ಷ ದುಡದ ಕಾಲದು. ಈಗ ರಿಟೈರ್ ಆಗೈತಿ. ನಿಮ್ಮ ಸರಕಾರದಾಗ ರಿಟೈರ್ ಆದಾಂವನ್ನ ಎಬ್ಬಿಸಿ ಮತ್ತ ಕೆಲಸಕ್ಕ ಕಳಸ್ತಾರೇನ್ರಿ ಅಳಿಯಂದ್ರ?"

ಹೇಮಾವತಿ ಅಂಗನವಾಡಿ ಟೀಚರು. ಅವಳ ರಜೆಯೆಲ್ಲ ದವಾಖಾನೆಯಲ್ಲೇ ತೀರಿತ್ತು. ಹಾಗಾಗಿ ಗ್ಯಾನಪ್ಪ ಎರಡು ತಿಂಗಳ ಗಳಿಕೆ ರಜೆಗೆ ಅರ್ಜಿ ಬರೆದ. ಜೊತೆಗೆ, ಸ್ಪರ್ಧೆಯಿಂದ ತನ್ನ ಹೆಸರನ್ನೂ ತೆಗೆಯಬೇಕೆಂದು ನಮ್ರನಾಗಿ ಕೋರಿದ.

"ರಜಾ ತಗೋರಿ," ಎಂದರು ಸಾಹೇಬರು. "ಹೆಸರು ಮಾತ್ರ ಬರೂದಿಲ್ಲ. ಅದು ಕೊಪ್ಪಳಕ್ಕ ಹೋಗಿ ಆತು. ಜಾವಕ ನಂಬರ್ ಹಾಕಿದವರು ನೀವ ಅಲ್ಲೇನ್ರಿ?"

ಹೌದು, ಅವನೇ ಹಾಕಿದ್ದ.

ನಸುಕಿನಲ್ಲಿ ಈಗ ಸೈಕಲ್ಲಿಗೆ ಪುರುಸೊತ್ತಿಲ್ಲ. ನಲ್ಲಿ ನೀರು ಹಿಡಿಯುವುದು, ಅತ್ತೆಯನ್ನು ಇಬ್ಬರೂ ಸೇರಿ ಎಬ್ಬಿಸಿ ಕೂರಿಸುವುದು, ಹಾಸಿಗೆ ಬದಲಿಸುವುದು, ಎಣ್ಣೆ ತಿಕ್ಕುವುದು. ಹೇಮಾವತಿ ಒಂಬತ್ತೂವರೆಗೆ ಹೊರಟ ಮೇಲೆಯೇ ಅವನಿಗೆ ಉಸಿರು. ಮೊದಲ ದಿನ ಅತ್ತೆಗೆ ನಿದ್ದೆ ಹತ್ತಿತೆಂದು ಕಾಲು ಗಂಟೆಯ ಮಟ್ಟಿಗೆ ಇಳಕಲ್ ರಸ್ತೆಗೆ ಹೋಗಿ ಬಂದ. ಬರುವಷ್ಟರಲ್ಲಿ ಎದುರು ಮನೆಯ ಕಳಕಮ್ಮ ಸೊಂಟಕ್ಕೆ ಕೈಯಿಟ್ಟು ಬಾಗಿಲಲ್ಲಿ ನಿಂತಿದ್ದಳು.

"ಮುದುಕಿ ನೀರು ನೀರು ಅಂತ ಒದರಿ ಒದರಿ ಗಂಟಲಾ ಒಣಗಿಸಿಕೊಂಡಳು. ನೀ ಎಲ್ಲಿ ಹಾಳಾಗಿ ಹೋಗಿದ್ದಿ?"

ಗ್ಯಾನಪ್ಪ ತಲೆ ತಗ್ಗಿಸಿದ. ಅತ್ತೆಯ ಕೂಗಳತೆ ದಾಟುವ ಹಾಗಿಲ್ಲ. ಸೈಕಲ್ ಬಿಟ್ಟರೆ ಎರಡು ವಾರದ ಉಸಿರು ಎರಡು ದಿನದಲ್ಲಿ ಹೋಗುತ್ತದೆ. ಸಂಜೆ ಕಟ್ಟೆಯ ಮೇಲೆ ಕೂತು ಯೋಚಿಸುತ್ತಿದ್ದವನಿಗೆ ಉಪಾಯ ಹೊಳೆಯಿತು. ಅವನ ಮನೆ ಊರಂಚಿನ ಹೊಸ ಬಡಾವಣೆಯಲ್ಲಿತ್ತು. ಮೂರು ಕಡೆ ಖಾಲಿ ನಿವೇಶನ, ಒಂದು ಕಡೆ ರಸ್ತೆ, ರಸ್ತೆಯಾಚೆ ಕಳಕಮ್ಮ. ಹಗ್ಗ ಹಿಡಿದು ಅಳೆದ. ಮನೆಗೆ ಒಂದು ಸುತ್ತು ಅಂದರೆ ಅರವತ್ತು ಮೀಟರ್. ಮುನ್ನೂರ ಮೂವತ್ಮೂರು ಸುತ್ತು ಹಾಕಿದರೆ ಸರಿಸುಮಾರು ಇಪ್ಪತ್ತು ಕಿಲೋಮೀಟರ್!

ಮರುದಿನವೇ ಸುರು. ಬಚ್ಚಲ ಮೋರಿಯ ಇಳಿಜಾರು ಅನುಕೂಲವಾಗಿದ್ದ ದಿಕ್ಕಿನಿಂದ ಹೊರಟದ್ದರಿಂದ ಮನೆ ಬಲಗಡೆಗೆ ಬಿತ್ತು. ಎಣಿಕೆ ತಪ್ಪಬಾರದೆಂದು ಕಿಸೆ ತುಂಬ ಹುಣಸೆಬೀಜ ಹಾಕಿಕೊಂಡು, ಸುತ್ತಿಗೊಂದರಂತೆ ಕಟ್ಟೆಯ ಮೇಲಿನ ತಾಮ್ರದ ತಂಬಿಗೆಗೆ ಎಸೆದ. ಟಣ್. ಬಿಸಿಲಿಗೆ ತಲೆಯ ಮೇಲೆ ಒದ್ದೆ ಟವೆಲ್ಲು, ಹೊತ್ತು ನೋಡಲು ಕೈಯಲ್ಲಿ ಗಡಿಯಾರ. ಪೆಡಲಿನಿಂದ ಜಾರುತ್ತವೆಂದು ಚಪ್ಪಲಿ ಬಿಟ್ಟ.

ಇಪ್ಪತ್ತು ಸೆಕೆಂಡಿಗೊಮ್ಮೆ ಕಿಟಕಿ ಬರುತ್ತಿತ್ತು. ಮಾತುಕತೆಗೂ ಅಷ್ಟೇ ಅವಕಾಶ.

"ಅಳಿಯಂದ್ರ, ಒಲಿ ಮ್ಯಾಲಿನ ಹಾಲು—"

ಸೈಕಲ್ ಮೂಲೆ ತಿರುಗಿತು. ಇನ್ನೊಂದು ಸುತ್ತು.

"ಹಾಲಿಗೆ ಏನಾತ್ರಿ?"

"ಉಕ್ಕಾಕತ್ತೈತಿ ಅಂತ—"

ಇನ್ನೊಂದು ಸುತ್ತು.

"ಏನಂದ್ರಿ?"

"ಈಗೇನೂ ಇಲ್ಲ ಬಿಡ್ರಿ. ಉಕ್ಕಿ ಹೋತು."

ಹೀಗೆ ಮೂರು ದಿನ ನಡೆಯಿತು. ನಾಲ್ಕನೇ ದಿನ ಕಳಕಮ್ಮ ರಸ್ತೆ ದಾಟಿ ಬಂದು ನಿಂತಳು.

"ಗ್ಯಾನಪ್ಪಣ್ಣ, ಏನಪಾ ಇದು? ಏನ್ ನಡಸೀದಿ?"

ಗ್ಯಾನಪ್ಪ ಆಗ ಅರವತ್ತೇಳನೇ ಸುತ್ತಿನಲ್ಲಿದ್ದ. ಬಾಯಿ ಬಿಟ್ಟರೆ ಎಣಿಕೆ ಹೋಗುತ್ತದೆ. ತುಟಿಯಲ್ಲೇ ಪಿಟಿಪಿಟಿ ಎನ್ನುತ್ತ, ಆಮೇಲೆ ಹೇಳುತ್ತೇನೆಂಬಂತೆ ಬಲಗೈ ಎತ್ತಿ ತೋರಿಸಿ ಮುಂದೆ ಹೋದ. ಟಣ್.

ಕಳಕಮ್ಮ ನೋಡಿದಳು. ತಲೆಯ ಮೇಲೆ ಒದ್ದೆ ಬಟ್ಟೆ. ಬರಿಗಾಲು. ತುಟಿಯಲ್ಲಿ ಮಂತ್ರ. ಸುತ್ತಿಗೊಂದು ಬೀಜ, ತಾಮ್ರದ ತಂಬಿಗೆ. ಎತ್ತಿದ ಕೈ ಆಶೀರ್ವಾದದಂತಿತ್ತು. ಮನೆಯನ್ನು ಬಲಕ್ಕಿಟ್ಟುಕೊಂಡು ತಿರುಗುವ ಗಂಡಸು. ಮನೆಯೊಳಗೆ ಕಾಲು ಬಿದ್ದ ಅತ್ತೆ. ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಸೆರಗು ಹೊದ್ದು ಕೈಮುಗಿದಳು.

"ಯವ್ವಾ! ತಾಯಿಗೂ ಯಾರೂ ಮಾಡೂದಿಲ್ಲ. ಅತ್ತಿಗೆ ಪ್ರದಕ್ಷಿಣಿ ಹಾಕಾಕತ್ತ್ಯಾನ!"

ಮಧ್ಯಾಹ್ನದೊಳಗೆ ಸುದ್ದಿ ಬಸ್‌ಸ್ಟ್ಯಾಂಡ್ ಮುಟ್ಟಿತು. ಸಂಜೆ ಹೇಮಾವತಿ ಗಾಬರಿಯಾಗಿ ಮನೆಗೆ ಬಂದಳು.

"ರೀ, ಅಂಗನವಾಡಿಗೆ ಬಂದ ತಾಯಂದಿರೆಲ್ಲ ನನ್ನ ಕಾಲು ಮುಟ್ಟಾಕ ಬಂದ್ರು. ಎಂಥಾ ಗಂಡನ್ನ ಪಡದೀರಿ ಟೀಚರ್ ಅಂತ ಒಬ್ಬಾಕಿ ಅತ್ತೇಬಿಟ್ಟಳು. ನೀವೇನ್ ಮಾಡೀರಿ?"

"ಏನೂ ಮಾಡಿಲ್ಲ. ಸೈಕಲ್ ಹೊಡದೀನಿ."

"ಹಂಗಾರ ನಾಳೆ ಎಲ್ಲಾರಿಗೂ ಖರೇ ಹೇಳ್ರಿ."

ಹೇಳಲೆಂದೇ ಮರುದಿನ ಗ್ಯಾನಪ್ಪ ಗಂಟಲು ಸರಿಮಾಡಿಕೊಂಡು ಹೊರಗೆ ಬಂದ. ಕಳಕಮ್ಮ ತೆಂಗಿನಕಾಯಿ, ಕರ್ಪೂರ, ಏಳು ಜನ ಹೆಂಗಸರ ಸಮೇತ ಹಾಜರಿದ್ದಳು. ಅವನು ಬಾಯಿ ತೆರೆದ ಕೂಡಲೇ ಅವಳು ತನ್ನ ಬಾಯಿಯ ಮೇಲೆ ಕೈಯಿಟ್ಟುಕೊಂಡು, "ಬ್ಯಾಡಪ ಅಣ್ಣ, ಮಾತಾಡಬ್ಯಾಡ! ವ್ರತ ಕೆಡ್ತೈತಿ!" ಎಂದಳು. ಮೂರು ಸಲ ತೆರೆದ, ಮೂರು ಸಲ ಮುಚ್ಚಿಸಿದರು. ಇನ್ನೊಂದು ಮಾತನ್ನೂ ಇಲ್ಲಿ ಹೇಳಲೇಬೇಕು. ನಲವತ್ಮೂರು ವರ್ಷದಲ್ಲಿ ಗ್ಯಾನಪ್ಪನಿಗೆ ಯಾರೂ ಕೈಮುಗಿದಿರಲಿಲ್ಲ. ಏಳು ಜನ ಒಟ್ಟಿಗೆ ಮುಗಿದಾಗ ಅದು ಅಷ್ಟೇನೂ ಕೆಟ್ಟದ್ದೆನಿಸಲಿಲ್ಲ. ನಾಳೆ ಹೇಳಿದರಾಯಿತೆಂದು ಸೈಕಲ್ ಹತ್ತಿದ.

ಆ ನಾಳೆ ಬರಲೇ ಇಲ್ಲ. ಹೆಂಗಸರು ಸುತ್ತುವ ದಾರಿಗೆ ಸಗಣಿ ಸಾರಿಸಿದರು, ರಂಗೋಲಿ ಹಾಕಿದರು, ನೀರು ಚಿಮುಕಿಸಿದರು. ಆ ನೀರಿನ ಮೇಲೆ ಮುಂದಿನ ಚಕ್ರ ಜಾರಿ ಗ್ಯಾನಪ್ಪ ಮೂಲೆಯಿಂದ ಬಾಗಿಲತನಕ ಉರುಳಿಕೊಂಡು ಬಂದ.

"ಉರುಳು ಸೇವಿ! ಉರುಳು ಸೇವೀನೂ ಮಾಡಿದ!" ಎಂದು ಇಬ್ಬರು ಹೆಂಗಸರು ಕಣ್ಣೊರೆಸಿಕೊಂಡರು. ಮೊಣಕೈ ಕಿತ್ತು ರಕ್ತ ಬರುತ್ತಿದ್ದರೂ ಅವನು ಮುಖದ ಮೇಲೆ ಭಕ್ತಿ ತಂದುಕೊಳ್ಳಬೇಕಾಯಿತು.

ಸೈಕಲ್ ಅಂಗಡಿಯ ಯಮನೂರಸಾಬ ಸುದ್ದಿ ಕೇಳಿ ತಾನೇ ಎಣ್ಣೆಡಬ್ಬಿ ಹಿಡಿದು ಬಂದ. ಚೈನಿಗೆ ಎಣ್ಣೆ ಬಿಟ್ಟ, ಟೈರು ಮುಟ್ಟಿ ನೋಡಿದ, ಹುಬ್ಬೇರಿಸಿದ.

"ಅಣ್ಣಾರ, ಟೈರು ಬಲಗಡಿ ಅಷ್ಟ ಸವದೈತಿ. ಎಡಕ್ಕೂ ನಾಕು ಸುತ್ತು ಹೊಡೀರಿ. ಇಲ್ಲಾಂದ್ರ ಸೈಕಲ್ಲಿಗೂ ನಿಮಗೂ ಎಡಕ್ಕ ತಿರಗೂದು ಮರತ ಹೊಕ್ಕೈತಿ."

"ಎಡಕ್ಕ ತಿರಗಿದ್ರ ಕಳಕಮ್ಮಕ್ಕ ಜೀವಂತ ಬಿಡೂದಿಲ್ಲೋ ಯಮನೂರಸಾಬ."

ಎರಡು ವಾರ ಕಳೆಯುವಷ್ಟರಲ್ಲಿ ಹತ್ತು ಹನ್ನೆರಡು ಗಂಡಸರ ಗುಂಪೊಂದು ಮನೆಗೆ ಬಂತು. ಮುಂದೆ ಕಿರಾಣಿ ಅಂಗಡಿಯ ಹಂಪಣ್ಣ. ಅವನು ದಪ್ಪ ಆಸಾಮಿ. ಕಟ್ಟೆಯ ಮೇಲೆ ಕೂತು ಐದು ನಿಮಿಷ ಏದುಸಿರು ಬಿಟ್ಟ ಮೇಲೆಯೇ ಮಾತು ಹೊರಟಿತು.

"ಗ್ಯಾನಪ್ಪಣ್ಣ, ನಾವೆಲ್ಲಾರೂ ಈ ಊರಾಗಿರೂ ಅಳಿಯಂದಿರು. ನಿನ್ನ ಕಾಲು ಹಿಡಕೊಳ್ಳಾಕ ಬಂದೀವಿ. ಈ ಪ್ರದಕ್ಷಿಣಿ ನಿಂದರಸು."

"ಯಾಕ್ರಿ, ಏನಾತು?"

"ಏನಾತು? ಕಾರಟಗಿಯಿಂದ ನಮ್ಮತ್ತಿ ಟ್ರಂಕ್ ಸಮೇತ ಬಂದು ಕುಂತಾಳ. ನನಗೂ ಮೊಣಕಾಲು ನೋವು, ಸುರು ಮಾಡ್ರಿ ಅಳಿಯಂದ್ರ ಅಂತಾಳ! ನನಗ ಸೈಕಲ್ ಬರೂದಿಲ್ಲ, ಕಾಲ್ನಡಿಗೀಲೆ ಸುತ್ತೀನಿ. ನಿನ್ನ ಮನಿ ಒಂಟಿ ಮನಿ, ಪುಣ್ಯವಂತ. ನಮ್ಮ ಓಣ್ಯಾಗ ಗ್ವಾಡಿಗೆ ಗ್ವಾಡಿ ಹತ್ತ್ಯಾವು. ನಮ್ಮತ್ತಿಗೆ ಒಂದು ಸುತ್ತು ಹಾಕಬೇಕಂದ್ರ ಹನ್ನೊಂದು ಮನಿ, ಒಂದು ಹೋಟೆಲು, ಒಂದು ಹಿಟ್ಟಿನ ಗಿರಣಿ ಸುತ್ತಬೇಕು! ಅಲ್ಲಿರೂ ಅತ್ತೆಂದಿರಿಗೆಲ್ಲಾ ನಾನ ಪ್ರದಕ್ಷಿಣಿ ಹಾಕಿಧಂಗಾತು!"

ಗುಂಪಿನ ಹಿಂದಿನಿಂದ ಯಾರೋ ಬಿಕ್ಕಿದರು.

ಗ್ಯಾನಪ್ಪನ ಎದೆ ಕರಗಿತು. ಇವತ್ತೇ ಹೇಳಿಬಿಡಬೇಕು, ಹಾಳಾಗಿ ಹೋಗಲಿ ಮರ್ಯಾದೆ ಎಂದು ನಿರ್ಧರಿಸಿ ಒಂದು ಕೊನೆಯ ಸುತ್ತಿಗೆಂದು ಹೊರಟ. ಕಿಟಕಿಯ ಹತ್ತಿರ ಬಂದಾಗ ಒಳಗೆ ಕಣ್ಣು ಹಾಯಿತು.

ಮಂಚದ ಸುತ್ತ ನಾಲ್ಕು ಜನ ಹೆಂಗಸರು. ಭಕ್ತರು ಬರುತ್ತಾರೆಂದು ಪಕ್ಕೀರವ್ವ ಈಚೆಗೆ ತಲೆ ಬಾಚಿಸಿಕೊಳ್ಳುತ್ತಿದ್ದಳು, ಇಳಕಲ್ ಸೀರೆ ಉಡಿಸಿಕೊಳ್ಳುತ್ತಿದ್ದಳು, ದಿಂಬಿಗೊರಗಿ ಕೂರುತ್ತಿದ್ದಳು. ಬಂದವರೆಲ್ಲ ಕೇಳುವುದು ಒಂದೇ ಪ್ರಶ್ನೆ: ಈಗ ಕಾಲು ಹೆಂಗೈತ್ರಿ? ಹಂಗ ಐತಿ, ಹಂಗ ಐತಿ ಎಂದು ದಿನಾ ಹೇಳಿ ಅವಳಿಗೇ ನಾಚಿಕೆಯಾಗಿತ್ತು. ಇವತ್ತು ಕೇಳಿದಾಗ ಅವಳು ತುಟಿ ಕಚ್ಚಿ, ಬಲಗಾಲನ್ನು ದುರುಗುಟ್ಟಿ ನೋಡುತ್ತಿದ್ದಳು. ಹೆಬ್ಬೆರಳು ಅಲುಗಿತು. ಒಂದಿಷ್ಟೇ. ಆದರೆ ಅಲುಗಿತು.

"ಯವ್ವಾ!" ಎಂದರು ನಾಲ್ಕೂ ಜನ.

ಆವತ್ತು ಮೊದಲ ಸಲ ಗ್ಯಾನಪ್ಪನ ಎಣಿಕೆ ತಪ್ಪಿತು. ಕಣ್ಣು ಮಂಜಾಗಿ ಮೋರಿಯ ಮೇಲೆ ಹಾದು, ಕಟ್ಟೆಗೆ ಬಂದು ಇಳಿದ.

"ಹಂಪಣ್ಣ, ತಪ್ಪು ತಿಳಕೋಬ್ಯಾಡ," ಎಂದ. "ಈಗ ನಿಂದರಸಾಕ ಆಗೂದಿಲ್ಲ."

ಹದಿನೈದು ದಿನದಲ್ಲಿ ಹೆಬ್ಬೆರಳು ಹೋಗಿ ಪಾದವೇ ಅಲುಗಿತು. ಬಂದವರಿಗೆ ಹೊಸದೇನಾದರೂ ತೋರಿಸಬೇಕೆಂಬ ಹಟಕ್ಕೆ ಪಕ್ಕೀರವ್ವ ಯಾರೂ ಇಲ್ಲದಾಗ ತಾನೇ ಕಾಲು ಆಡಿಸಿ ರೂಢಿ ಮಾಡಿಕೊಳ್ಳುತ್ತಿದ್ದಳು. ಗ್ಯಾನಪ್ಪನೂ ಮುನ್ನೂರ ಮೂವತ್ಮೂರು ಸುತ್ತು ಮುಟ್ಟಿದ್ದ. ಬೆಲ್ಟಿಗೆ ಯಮನೂರಸಾಬ ಹೊಸದಾಗಿ ಎರಡು ತೂತು ಹೊಡೆದುಕೊಟ್ಟಿದ್ದ. ಆದರೆ ಗ್ಯಾನಪ್ಪನಿಗೆ ಊಟ ರುಚಿಸುತ್ತಿರಲಿಲ್ಲ. ಅಳಿಯ ತನಗಾಗಿ ಸುತ್ತುತ್ತಿದ್ದಾನೆಂಬ ನಂಬಿಕೆಯ ಮೇಲೆ ಆ ಕಾಲು ಏಳುತ್ತಿದೆ. ಸತ್ಯ ತಿಳಿದ ದಿನ ಅದು ಮತ್ತೆ ಮಲಗಿಬಿಟ್ಟರೆ? ಹಾಗೆಂದು ಸ್ಪರ್ಧೆಗೆ ಹೋಗದೆಯೂ ಗತಿಯಿಲ್ಲ. ಇನ್ನು ಹದಿನೈದು ದಿನ ಉಳಿದಿತ್ತು.

ಅಂಥ ಒಂದು ಬೆಳಿಗ್ಗೆ, ಮೂವತ್ತು ನಲವತ್ತು ಜನ ಸೇರಿದ್ದ ಹೊತ್ತಿನಲ್ಲಿ, ಕಚೇರಿಯ ಜೀಪು ಬಂದು ನಿಂತಿತು. ಸಾಹೇಬರು ಇಳಿದರು. ಗ್ಯಾನಪ್ಪ ಸುತ್ತುವ ಚಂದವನ್ನು ಎರಡು ಸುತ್ತು ನಿಂತು ನೋಡಿ ಚಪ್ಪಾಳೆ ತಟ್ಟಿದರು.

"ಶಹಬ್ಬಾಸ್ ಗ್ಯಾನಪ್ಪ! ಸೈಕಲ್ ರೇಸಿಗೆ ತಯಾರಿ ಅಂದ್ರ ಹಿಂಗಿರಬೇಕು ನೋಡ್ರಿ! ಕೊಪ್ಪಳದಾಗ ಕುಷ್ಟಗಿ ಹೆಸರು ಎತ್ತಿಬಿಡ್ರಿ!"

ಕಾಯಿ ಒಡೆಯಲೆಂದು ಕೈ ಎತ್ತಿದ್ದ ಕಳಕಮ್ಮ ಎತ್ತಿದ ಕೈಯಲ್ಲೇ ನಿಂತಳು.

"ರೇಸು?" ಎಂದಳು. "ಯಾವ ರೇಸು?"

"ನಿಮಗ ಗೊತ್ತಿಲ್ಲೇನ್ರಿ? ನೌಕರರ ಕ್ರೀಡಾಕೂಟ. ಎರಡು ತಿಂಗಳ ಹಿಂದ ಹೆಸರು ಕೊಟ್ಟಾರ."

ಹಂಪಣ್ಣನ ಮುಖ ನಿಧಾನವಾಗಿ ಅರಳತೊಡಗಿತು. ನಲವತ್ತು ಜೋಡಿ ಕಣ್ಣು ಗ್ಯಾನಪ್ಪನ ಮೇಲೆ. ಅವನು ಸೈಕಲ್ ಮೇಲೆಯೇ, ಒಂದು ಕಾಲು ನೆಲಕ್ಕೆ ಊರಿ, ಕಿಸೆಯ ಹುಣಸೆಬೀಜಗಳನ್ನು ಬಿಗಿಯಾಗಿ ಹಿಡಿದುಕೊಂಡ.

ಆಗ ಕಿಟಕಿಯಿಂದ ದನಿ ಬಂತು.

"ಹೌದು, ರೇಸಿಗೇನ ತಯಾರಿ. ಮಾಡ್ರಿ ಅಂತ ನಾನ ಹೇಳೇನಿ. ಅದಕ್ಕ್ಯಾಕ ಎಲ್ಲಾರೂ ಬಾಯಿ ತಕ್ಕೊಂಡು ನಿಂತೀರಿ?"

ಎಲ್ಲರೂ ತಿರುಗಿದರು. ಪಕ್ಕೀರವ್ವ ಕಿಟಕಿಯ ಸರಳು ಹಿಡಿದು ಕೂತಿದ್ದಳು.

"ನನ್ನ ಹರಕಿನ ಐತಿ ಅದು. ನನ್ನ ಸುತ್ತ ತಿರಗಿ ತಿರಗಿ ನನ್ನ ಅಳಿಯಾ ರೇಸಿಗೆ ಹೋಗಬೇಕು. ಅವರು ಹೋಗಿ ಬರೂ ದಿವಸ ನಾ ಎದ್ದು ನಿಂದರತೀನಿ. ಎಲ್ಲಾರೂ ಬಂದು ನೋಡ್ರಿ ಬೇಕಾದ್ರ!"

"ಅಂದ್ರ ವ್ರತಾನೂ ಹೌದು, ರೇಸೂ ಹೌದು!" ಎಂದು ಕಳಕಮ್ಮ ನಿಟ್ಟುಸಿರು ಬಿಟ್ಟು, ಕಾಯಿಯನ್ನು ಫಟ್ಟನೆ ಒಡೆದಳು. ನೀರು ಸಾಹೇಬರ ಪ್ಯಾಂಟಿಗೆ ಸಿಡಿಯಿತು. ಹಂಪಣ್ಣ ತಲೆಯ ಮೇಲೆ ಕೈಹೊತ್ತು ಕೂತ.

ಎಲ್ಲರೂ ಹೋದ ಮೇಲೆ ಗ್ಯಾನಪ್ಪ ಒಳಗೆ ಬಂದು ಮಂಚದ ಪಕ್ಕ ನೆಲದ ಮೇಲೆ ಕೂತ.

"ಅತ್ತಿ, ನಿಮಗ ಯಾವಾಗ ಗೊತ್ತಾತ್ರಿ?"

"ಮೊದಲನೇ ದಿನಾನ. ಹರಕಿ ಹೊತ್ತಾಂವ ಸುತ್ತಿಗೊಮ್ಮೆ ಗಡಿಯಾರ ನೋಡ್ತಾನೇನ್ರಿ? ಲಕ್ವಾ ಹೊಡದದ್ದು ನನ್ನ ಕಾಲಿಗೆ, ಕಣ್ಣಿಗಲ್ಲ."

"ಮತ್ತ್ಯಾಕ ಸುಮ್ಮನಿದ್ರಿ?"

"ದವಾಖಾನ್ಯಾಗ ಹನ್ನೆರಡು ದಿನ ಮಲಗಿದ್ದೆ. ಬಾಗಲಾ ಸಪ್ಪಳಾದ್ರ ನನ್ನ ಕಡೆ ಯಾರರ ಬಂದ್ರೇನೋ ಅಂತ ನೋಡೂದ ಕೆಲಸ. ಇಲ್ಲಿ ಇಪ್ಪತ್ತ ಎಣಿಸೂದ್ರಾಗ ಕಿಡಕ್ಯಾಗ ನಿಮ್ಮ ಮಾರಿ ಬರತಿತ್ತು. ರೇಸಿಗಾದ್ರೇನು, ಹರಕಿಗಾದ್ರೇನು, ಬರತಿತ್ತಲ್ಲ."

ಗ್ಯಾನಪ್ಪ ಅವಳ ಕಾಲಿನ ಮೇಲಿನ ಹೊದಿಕೆ ಸರಿಮಾಡಿದ. ಅವಳು ದನಿ ಏರಿಸಿದಳು.

"ಆದ್ರ ನಿಮ್ಮನ್ನ ಉಳಸಾಕ ಹೋಗಿ ನನ್ನ ಬಾಯಿಂದ ಎಂಥಾ ಮಾತು ಬಂದುಬಿಡ್ತು ನೋಡ್ರಿ! ಹದಿನೈದು ದಿನದಾಗ ನಿಂದರಬೇಕಂತ! ಊರೆಲ್ಲಾ ಬರತೈತಿ! ಸುಮ್ಮನ ಯಾಕ ಕುಂತೀರಿ, ಎಣ್ಣಿ ತರ್ರಿ!"

ಅಂದಿನಿಂದ ಮನೆಯಲ್ಲಿ ತಯಾರಿ ಮಾಡುವವರು ಇಬ್ಬರಾದರು. ಹೊರಗೆ ಅವನು ಒಂದು ಸುತ್ತು ಮುಗಿಸುವಷ್ಟರಲ್ಲಿ ಒಳಗೆ ಅವಳು ಕಾಲನ್ನು ಒಮ್ಮೆ ಎತ್ತಿ ಇಳಿಸಬೇಕು. ಕಿಟಕಿಯ ಹತ್ತಿರ ಇಬ್ಬರೂ ಒಬ್ಬರನ್ನೊಬ್ಬರು ಬೈಯುತ್ತಿದ್ದರು.

"ಅತ್ತಿ, ಕಾಲು ಅರ್ಧಕ್ಕ ನಿಂತೈತ್ರಿ!"

"ನಿಮ್ಮ ಸೈಕಲ್ಲೂ ನಿನ್ನೆಕಿಂತ ಎರಡು ಎಣಿಕಿ ತಡಾ ಐತಿ! ನಡೀರಿ ಮುಂದ!"

ಕ್ರೀಡಾಕೂಟದ ದಿನ ಭಾನುವಾರ. ಹೇಮಾವತಿ ಮನೆಯಲ್ಲಿದ್ದಳು. ಗ್ಯಾನಪ್ಪ ಮೊದಲ ಬಸ್ಸಿನ ಮೇಲೆ ಸೈಕಲ್ ಹೇರಿ ಕೊಪ್ಪಳಕ್ಕೆ ಹೋದ. ಮೈದಾನದಿಂದ ಹೊರಟು ಹೊಸಪೇಟೆ ರಸ್ತೆಯಲ್ಲಿ ನೆಟ್ಟ ಡ್ರಮ್ಮೊಂದನ್ನು ಸುತ್ತಿ ಹಿಂದಿರುಗಿ, ಮೈದಾನಕ್ಕೆ ಒಂದು ಸುತ್ತು ಹಾಕಿ ಮುಗಿಸಬೇಕು. ಸೀಟಿ ಊದಿದರು. ಹನ್ನೆರಡು ಜನ ಹೊರಟರು.

ಯಮನೂರಸಾಬ ಹೇಳಿದ ಮಾತು ಗ್ಯಾನಪ್ಪನಿಗೆ ಅರ್ಥವಾದದ್ದು ಆಗ. ಕಾಲಿನಲ್ಲಿ ಶಕ್ತಿಯಿತ್ತು, ಎದೆಯಲ್ಲಿ ಉಸಿರಿತ್ತು, ಸೈಕಲ್ ಮಾತ್ರ ನೆಟ್ಟಗೆ ಹೋಗಲೊಲ್ಲದು. ಒಂದೂವರೆ ತಿಂಗಳ ರೂಢಿ ಬಲಕ್ಕೇ ಎಳೆಯುತ್ತಿತ್ತು. ಮೊದಲ ಮೈಲಿಯಲ್ಲಿ ಮೂರು ಸಲ ರಸ್ತೆಯ ಆಚೆ ಬದಿಗೆ ಹೋದ; ಎದುರಿಗೆ ಬಂದ ಭತ್ತದ ಲಾರಿಯವನು ಇಳಿದು ಬಂದು ಬೈದ. ಹತ್ತು ಜನ ಮುಂದೆ ಹೋದರು. ಆದರೆ ಡ್ರಮ್ಮು ಸುತ್ತುವುದು ಬಲಕ್ಕೆ! ಉಳಿದವರು ಬ್ರೇಕು ಹಿಡಿದು, ಕಾಲೂರಿ, ಒಬ್ಬರಿಗೊಬ್ಬರು ತಾಗಿ ಒದ್ದಾಡುವಾಗ, ಗ್ಯಾನಪ್ಪ ತಿಂಗಳುಗಟ್ಟಲೆ ತಿರುಗಿದ ತನ್ನ ಮನೆಯ ಮೂಲೆಯೆಂಬಂತೆ ಬಾಗಿ ಸುಯ್ಯೆಂದು ತಿರುಗಿ ಏಳು ಜನರನ್ನು ಹಿಂದೆ ಹಾಕಿದ.

ಮೈದಾನದ ಬಾಗಿಲಿಗೆ ಬಂದಾಗ ನಾಲ್ಕನೆಯವ. ಮುಂದಿನ ಮೂವರು ಮೈದಾನವನ್ನು ಎಡಕ್ಕಿಟ್ಟುಕೊಂಡು ಹೊರಟರು. ಗ್ಯಾನಪ್ಪನೂ ಹಾಗೇ ಎಡಸುತ್ತಿಗೆ ಹೊರಳಲು ಪ್ರಾಮಾಣಿಕವಾಗಿ ಪ್ರಯತ್ನಿಸಿದ. ಹ್ಯಾಂಡಲ್ ಒಪ್ಪಲಿಲ್ಲ. ಅವನು ಮೈದಾನವನ್ನು ಬಲಕ್ಕಿಟ್ಟುಕೊಂಡು ಹೊರಟ. ಅರ್ಧ ದಾರಿಯಲ್ಲಿ ಆ ಮೂವರೂ ಎದುರಾದರು. ಎದುರಿನಿಂದ ಬಿರುಗಾಳಿಯಂತೆ ಬರುತ್ತಿರುವ ಮನುಷ್ಯನನ್ನು ನೋಡಿ ಮೊದಲನೆಯವನು ಗಕ್ಕನೆ ನಿಂತ, ಎರಡನೆಯವನು ಅವನಿಗೆ ತಾಗಿದ, ಮೂರನೆಯವನು ಇಬ್ಬರ ಮೇಲೂ ಕೂತ. ಗ್ಯಾನಪ್ಪ ಮುಗಿಯುವ ಗೆರೆಯನ್ನು ಎಲ್ಲರಿಗಿಂತ ಮೊದಲು, ಹಿಂಭಾಗದಿಂದ ದಾಟಿದ.

ಅಧಿಕಾರಿಗಳು ಮುಕ್ಕಾಲು ಗಂಟೆ ಚರ್ಚೆ ಮಾಡಿದರು. ಸುತ್ತೋಲೆ ತರಿಸಿದರು. 'ಮೈದಾನಕ್ಕೆ ಒಂದು ಸುತ್ತು ಹಾಕತಕ್ಕದ್ದು' ಎಂದಿತ್ತು. ಎಡಕ್ಕೋ ಬಲಕ್ಕೋ ಎಂದಿರಲಿಲ್ಲ. ಕುಷ್ಟಗಿಯ ಸಾಹೇಬರು ಆ ಸಾಲಿಗೆ ಬೆರಳಿಟ್ಟು ಕೂತುಬಿಟ್ಟರು. ಕೊನೆಗೆ, ಗೆರೆ ಮುಟ್ಟಿದ್ದರಲ್ಲಿ ಮೊದಲನೆಯವ, ದಾರಿ ತಪ್ಪಿದ್ದರಿಂದ ಮೂರನೆಯವ, ಎರಡರ ಸರಾಸರಿ ಎರಡನೆಯವನೆಂದು ತೀರ್ಮಾನಿಸಿ ಒಂದು ಸ್ಟೀಲಿನ ಕೊಡ ಕೊಟ್ಟರು.

ಇಳಿಹೊತ್ತಿಗೆ ಅವನು ಕೊಡ ಹಿಡಿದು ಮನೆಗೆ ಬಂದಾಗ ಬಾಗಿಲಲ್ಲಿ ಕಾಲಿಡಲು ಜಾಗವಿರಲಿಲ್ಲ. ಕೊಡದ ಕಡೆ ಯಾರೂ ನೋಡಲಿಲ್ಲ. ಪಕ್ಕೀರವ್ವ ಮಂಚದ ಅಂಚಿನಲ್ಲಿ ಕೂತಿದ್ದಳು. ಬೆಳಗಿನಿಂದ ಎಷ್ಟು ಜನ ಕೇಳಿದರೂ, ಅಳಿಯ ಬರಲಿ ಎಂದು ಜಗ್ಗಿರಲಿಲ್ಲವಂತೆ. ಅವಳ ಮುಖದಲ್ಲಿ ಬೆವರಿತ್ತು. ಹೆದರಿದ್ದಳೆಂದು ಗ್ಯಾನಪ್ಪನಿಗೆ ಮಾತ್ರ ಗೊತ್ತಾಯಿತು.

"ಅತ್ತಿ, ಇವತ್ತು ಬ್ಯಾಡ ಅಂದ್ರ ನಾ ಎಲ್ಲಾರಿಗೂ ಹೇಳ್ತೀನ್ರಿ," ಎಂದು ಕಿವಿಯಲ್ಲಿ ಹೇಳಿದ.

"ಹಿಡೀರಿ," ಎಂದಳು.

ಒಂದು ಕಡೆ ಹೇಮಾವತಿ, ಒಂದು ಕಡೆ ಗ್ಯಾನಪ್ಪ. ಎಡಗಾಲು ನೆಲಕ್ಕೆ ಊರಿತು. ಬಲಗಾಲು ನಡುಗಿತು, ಜಾರಿತು, ಮತ್ತೆ ಊರಿತು. ಪಕ್ಕೀರವ್ವ ಎದ್ದಳು. ಸರಳು ಹಿಡಿದಳು. "ಬಿಡ್ರಿ," ಎಂದಳು. ಬಿಟ್ಟರು. ಅವಳು ಒಂದು, ಎರಡು ಎಂದು ತಾನೇ ಎಣಿಸಿ, ಇಪ್ಪತ್ತಾದ ಮೇಲೆ ಕೂತಳು.

ಹಂಪಣ್ಣ ಎಲ್ಲರಿಗಿಂತ ಜೋರಾಗಿ ಅತ್ತ. ಗ್ಯಾನಪ್ಪನ ಸುತ್ತು ನಿಂತ ಮೇಲೆ ಅವನ ಕಷ್ಟವೂ ಮುಗಿದಿತ್ತಲ್ಲ.

ಆಮೇಲಿನ ದಿನಗಳಲ್ಲಿ ಸೈಕಲ್ಲೇ ಪಕ್ಕೀರವ್ವನ ಊರುಗೋಲಾಯಿತು. ಗ್ಯಾನಪ್ಪ ಹ್ಯಾಂಡಲ್ ಹಿಡಿದು ನಡೆಸುವುದು, ಅವಳು ಕ್ಯಾರಿಯರ್ ಹಿಡಿದು ಹೆಜ್ಜೆಯಿಡುವುದು. ಒಂದು ತಿಂಗಳ ಮೇಲೆ ಒಂದು ಸಂಜೆ ಅವನು ರೂಢಿಯಂತೆ ಮನೆಯ ಮೂಲೆಯಲ್ಲಿ ಬಲಕ್ಕೆ ತಿರುಗಿಸಿದ. ಅವಳು ಕ್ಯಾರಿಯರ್ ಜಗ್ಗಿ ನಿಲ್ಲಿಸಿದಳು.

"ಇದ ಮನಿ ಎಷ್ಟ ಸಲ ನೋಡ್ಲಿ? ನೆಟ್ಟಗ ನಡೀರಿ. ಬಸ್‌ಸ್ಟ್ಯಾಂಡ್ ಹೋಟೆಲಿಗೆ."

"ಅಷ್ಟು ದೂರ ಆಕ್ಕೈತೇನ್ರಿ?"

"ಮಿರ್ಚಿ ಕರಿಯೂ ವಾಸನಿ ಇಲ್ಲಿ ತನಕ ಬರತೈತಿ. ಅದು ಬರೂದಾದ್ರ ನಾ ಹೋಗಾಕ ಏನಾಗೈತಿ?"

ಮುಕ್ಕಾಲು ಗಂಟೆ ಹಿಡಿಯಿತು. ನಾಲ್ಕು ಕಡೆ ನಿಂತರು. ಯಮನೂರಸಾಬ ಅಂಗಡಿಯ ಸ್ಟೂಲು ತಂದು ಕೂರಿಸಿದ, ಎಬ್ಬಿಸಿದ. ಹೋಟೆಲಿನ ಮುಂದೆ ಗ್ಯಾನಪ್ಪ ಸೈಕಲ್ಲಿನ ಸ್ಟ್ಯಾಂಡ್ ಹಾಕಲು ಬಗ್ಗಿದ. ಅದು ಮೊದಲಿನಿಂದಲೂ ಬಿಗಿ. ಕಾಲಿಂದ ಒದ್ದು, ಎಳೆದು, ಮೇಲೆದ್ದು ತಿರುಗಿದರೆ ಕ್ಯಾರಿಯರ್ ಹಿಡಿದ ಕೈ ಅಲ್ಲಿರಲಿಲ್ಲ.

ಪಕ್ಕೀರವ್ವ ಯಾರ ಆಸರೆಯೂ ಇಲ್ಲದೆ ನಾಲ್ಕು ಹೆಜ್ಜೆ ನಡೆದು ಬೆಂಚಿನ ಮೇಲೆ ಕೂತು, ಎಡಗೈಯಿಂದ ಮಿರ್ಚಿ ಮುರಿಯುತ್ತಿದ್ದಳು.

"ನಿಂತು ಏನ್ ನೋಡ್ತೀರಿ ಅಳಿಯಂದ್ರ?" ಎಂದಳು. "ಆರತಾವ. ಕುಂದರ್ರಿ."